ಇನ್ನೂ ಯಾರಿಗೂ ಸಿಗದ, ಆದರೆ ನಿಜವಾಗಿ ಇರಬಹುದಾದ ಪ್ರಾಣಿ ಯಾವುದು?

ಬನಶಂಕರಿ ಕಿರಣ · ಶುಕ್ರವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ದೆವ್ವ, ಭೂತ, ಬೇರೆ ಗ್ರಹದವರು ಈ ಚರ್ಚೆಯಲ್ಲಿ ಬೇಡ. ರಕ್ತ ಮಾಂಸ ಇರುವ ಪ್ರಾಣಿ ಮಾತ್ರ. ಊರಿನವರು ನೋಡಿದ್ದೇವೆ ಅನ್ನುತ್ತಾರೆ, ವಿಜ್ಞಾನಿಗಳ ಕೈಗೆ ಸಿಕ್ಕಿಲ್ಲ. ಅಥವಾ ಹಿಂದೆ ಇತ್ತು, ಈಗ ಇದೆಯೋ ಇಲ್ಲವೋ ಖಾತ್ರಿ ಇಲ್ಲ. ಅಂಥದರಲ್ಲಿ ಯಾವುದು ನಿಜ ಇರಬಹುದು ಅಂತ ನಿಮಗೆ ಅನಿಸುತ್ತದೆ? ಸುಮ್ನೆ ಹೆಸರು ಹೇಳಿ ಹೋಗಬೇಡಿ. ಎಲ್ಲಿ ಇರುತ್ತೆ, ಏನು ತಿನ್ನುತ್ತೆ, ಇಷ್ಟು ದಿನ ಯಾಕೆ ಸಿಗಲಿಲ್ಲ, ಇದನ್ನೂ ಹೇಳಿ.

ನನ್ನ ಆಯ್ಕೆ ಪೊಗೆಯನ್. ಮುನ್ನಾರ್ ಮೇಲಿನ ಶೋಲಾ ಕಾಡು ಮತ್ತು ಹುಲ್ಲುಗಾವಲಿನಲ್ಲಿ ಬೂದು ಬಣ್ಣದ, ಚುಕ್ಕೆ ಇಲ್ಲದ ದೊಡ್ಡ ಬೆಕ್ಕು ಇದೆ ಅಂತ ಅಲ್ಲಿನವರು ಹೇಳುತ್ತಾರೆ. ನಮ್ಮ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರೊಬ್ಬರು ಅದರ ಹಿಂದೆ ಬಿದ್ದು ಹುಡುಕಿದ್ದಾರೆ. ತಿನ್ನಲು ವರಯಾಡಿನ (ನೀಲಗಿರಿ ತಾರ್ ಅನ್ನುವ ಕಾಡುಮೇಕೆ) ಮರಿ ಇದೆ, ಕಡವೆ ಮರಿ ಇದೆ. ವರ್ಷದ ಅರ್ಧ ದಿನ ಮಂಜು. ಹತ್ತು ಮಾರು ದೂರದ್ದು ಕಾಣಲ್ಲ. ಸಿಗದೇ ಇರುವುದಕ್ಕೆ ಅಷ್ಟು ಸಾಕಲ್ವಾ?

ವಿಜಯನಗರ ಪ್ರವೀಣ್ · 9:20

ಯೇತಿ, ಅಂದರೆ ಹಿಮಮಾನವ. ಹಿಮಾಲಯ ಎಷ್ಟು ದೊಡ್ಡದು ಅಂತ ಒಮ್ಮೆ ನಕ್ಷೆ ತೆಗೆದು ನೋಡಿ. 2019ರಲ್ಲಿ ನಮ್ಮ ಸೇನೆಯವರೇ ಮಕಾಲು ಬೇಸ್ ಕ್ಯಾಂಪ್ ಹತ್ತಿರ ಹೆಜ್ಜೆ ಗುರುತು ನೋಡಿ ಫೋಟೋ ಹಾಕಿದ್ದರು. 32 ಇಂಚು ಉದ್ದ, 15 ಇಂಚು ಅಗಲ. ಅವರು ಸುಳ್ಳು ಯಾಕೆ ಹೇಳುತ್ತಾರೆ?

ಗೂಬೆಕಣ್ಣು · 9:41

ಪ್ರವೀಣ್, ಸುಳ್ಳು ಅಂತ ಯಾರೂ ಹೇಳುತ್ತಿಲ್ಲ. ಗುರುತು ಇತ್ತು, ಫೋಟೋ ತೆಗೆದರು. ಪ್ರಶ್ನೆ ಅದು ಯಾರ ಗುರುತು ಅನ್ನುವುದು. ಹಿಮದಲ್ಲಿ ಕರಡಿ ನಡೆಯುವಾಗ ಹಿಂದಿನ ಪಾದ ಮುಂದಿನ ಪಾದದ ಗುರುತಿನ ಮೇಲೆ ಅರ್ಧ ಕೂರುತ್ತೆ. ಎರಡೂ ಸೇರಿ ಒಂದೇ ಉದ್ದ ಹೆಜ್ಜೆ ಥರ ಕಾಣುತ್ತೆ. ಬಿಸಿಲಿಗೆ ಅಂಚು ಕರಗಿದರೆ ಇನ್ನೂ ಅಗಲ ಆಗುತ್ತೆ.

ಹೆಜ್ಜೆ ಬಿಡಿ, ಕೂದಲು, ಮೂಳೆ, ಚರ್ಮ ನೋಡೋಣ. 2017ರಲ್ಲಿ ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಷಾರ್ಲಟ್ ಲಿಂಡ್‌ಕ್ವಿಸ್ಟ್ ತಂಡ ಯೇತಿಯದ್ದು ಅಂತ ಕಾಪಾಡಿಕೊಂಡು ಬಂದ 9 ಮಾದರಿಗಳ ಡಿಎನ್‌ಎ ನೋಡಿತು. ಎಂಟು ಕರಡಿ, ಒಂದು ನಾಯಿ. ಮೇಘಾಲಯದ ಗಾರೋ ಬೆಟ್ಟದಲ್ಲಿ ಯೇತಿಯಂಥ ಮಂದೆ ಬರುಂಗ್ ಇದೆ ಅನ್ನುವ ಕಥೆಯೂ ಹಾಗೇ. 2008ರಲ್ಲಿ ಅದರ ಕೂದಲನ್ನು ಇಂಗ್ಲೆಂಡಿಗೆ ಕಳಿಸಿ ನೋಡಿದಾಗ ಗೋರಲ್ ಅನ್ನುವ ಕಾಡುಮೇಕೆ ಜಾತಿಯ ಪ್ರಾಣಿಯದ್ದು ಅಂತ ಗೊತ್ತಾಯಿತು.

ವಿಜಯನಗರ ಪ್ರವೀಣ್ · 9:44

ಒಂಬತ್ತು ಮಾದರಿ ಸುಳ್ಳಾದರೆ ಇಡೀ ಹಿಮಾಲಯ ಖಾಲಿ ಅಂತ ಅರ್ಥವಾ?

ಗೂಬೆಕಣ್ಣು · 9:52

ಖಾಲಿ ಅಂತಲ್ಲ. ಆದರೆ ಒಂದು ಪ್ರಾಣಿ ನೂರಾರು ವರ್ಷ ಉಳಿಯಬೇಕಾದರೆ ಒಂದೇ ಒಂದು ಇದ್ದರೆ ಆಗಲ್ಲ. ಗಂಡು, ಹೆಣ್ಣು, ಮರಿ ಎಲ್ಲ ಸೇರಿ ಕೆಲವು ನೂರಾದರೂ ಬೇಕು. ಅವು ತಿನ್ನಬೇಕು, ಲದ್ದಿ ಹಾಕಬೇಕು, ಸಾಯಬೇಕು. ಅಷ್ಟು ದೊಡ್ಡ ವಾನರನ ಒಂದು ಹಲ್ಲು ಕೂಡ ಯಾಕೆ ಸಿಗಲಿಲ್ಲ?

ಹೆಬ್ಬಾಳದ ಹಕ್ಕಿ · 10:05

ಇದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. 2018ರ ಹುಲಿ ಗಣತಿಯಲ್ಲಿ ದೇಶದ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಂದ ಚಿತ್ರಗಳು 3.48 ಕೋಟಿ. ಅದರಲ್ಲಿ ಹುಲಿ 76,651, ಚಿರತೆ 51,777. ಇಷ್ಟೆಲ್ಲದರಲ್ಲಿ ಎರಡು ಕಾಲಿನ ಮೇಲೆ ನಡೆಯುವ ವಾನರ ಒಂದೂ ಇಲ್ಲ.

ಕರಾವಳಿ ಕಣ್ಣು · 10:11

ಆ ಕ್ಯಾಮೆರಾ ಎಲ್ಲಿ ಕಟ್ಟುತ್ತಾರೆ ಅಂತಲೂ ಹೇಳಿ ಮೇಡಂ. ಹುಲಿ ನಡೆಯುವ ದಾರಿಯಲ್ಲಿ, ಮೊಣಕಾಲು ಎತ್ತರಕ್ಕೆ. ಬಿಸಿ ಮೈ ಹಾದು ಹೋದರೆ ಮಾತ್ರ ಕ್ಲಿಕ್ ಆಗುತ್ತೆ. ಕಪ್ಪೆ, ಹಾವು, ಓತಿಕ್ಯಾತ, ಮರದ ತುದಿಯಲ್ಲೇ ಬದುಕುವ ಪ್ರಾಣಿ, ನೀರೊಳಗಿನದ್ದು, ಮಣ್ಣೊಳಗಿನದ್ದು ಅದರಲ್ಲಿ ಬೀಳಲ್ಲ. ದೊಡ್ಡ ಪ್ರಾಣಿ ಇಲ್ಲ ಅಂತ ಹೇಳುವುದಕ್ಕೆ ಆ ಲೆಕ್ಕ ಸರಿ. ಯಾವುದೂ ಇಲ್ಲ ಅನ್ನುವುದಕ್ಕೆ ಸಾಲದು.

ಹೆಬ್ಬಾಳದ ಹಕ್ಕಿ · 10:13

ವಾನರದ ಬಗ್ಗೆ ಮಾತ್ರ ಹೇಳಿದ್ದು ಸರ್. ಉಳಿದದ್ದಕ್ಕೆ ನಾನೂ ನಿಮ್ಮ ಕಡೆಯೇ.

ಮಲ್ಲೇಶ್ವರದ ಸುಮಾ · 10:30

ದೊಡ್ಡ ಪ್ರಾಣಿಯೂ ಸಿಗಬಹುದು. ಸಾವೋಲಾ ನೆನಪು ಮಾಡಿಕೊಳ್ಳಿ. ವಿಯೆಟ್ನಾಂನ ವೂ ಕ್ವಾಂಗ್ ಕಾಡಿನ ಹಳ್ಳಿಗಳಲ್ಲಿ ಬೇಟೆಗಾರರ ಮನೆ ಗೋಡೆಯ ಮೇಲೆ ಉದ್ದ, ನೆಟ್ಟಗಿನ ಕೊಂಬು ನೇತು ಹಾಕಿದ್ದರು. 1992ರಲ್ಲಿ ಸಮೀಕ್ಷೆಗೆ ಹೋದವರು ಅದನ್ನು ನೋಡಿ ದಂಗಾದರು. ದನ, ಎಮ್ಮೆಯ ಕುಟುಂಬಕ್ಕೆ ಸೇರಿದ ಪ್ರಾಣಿ, ವಿಜ್ಞಾನಕ್ಕೆ ಆವರೆಗೆ ಗೊತ್ತೇ ಇರಲಿಲ್ಲ! ಕ್ಯಾಮೆರಾಗೆ ಕೊನೆಯ ಸಲ ಬಿದ್ದದ್ದು 2013ರಲ್ಲಿ. ಈಗ ಉಳಿದಿದೆಯಾ ಅನ್ನುವುದೇ ಸಂಶಯ. ಸಿಕ್ಕಿದ್ದೂ ಆಯಿತು, ಕಳೆದುಕೊಳ್ಳುವ ಹಂತಕ್ಕೂ ಬಂತು. ಇದು ನನಗೆ ತುಂಬಾ ಬೇಸರ ತರುವ ವಿಷಯ.

ನಮ್ಮಲ್ಲೂ ಅಷ್ಟೇ. ಅರುಣಾಚಲದಲ್ಲಿ ಒಂದು ಹೊಸ ಕೋತಿ, ಮಕಾಕಾ ಮುಂಜಾಲಾ. 2005ರಲ್ಲಿ ಪ್ರಕಟವಾಯಿತು. ಆ ತಂಡದಲ್ಲಿ ಬೆಂಗಳೂರು, ಮೈಸೂರಿನ ಸಂಶೋಧಕರು ಇದ್ದರು. ಕೋತಿ ಅಂದರೆ ಇಲಿ ಗಾತ್ರದ್ದಲ್ಲ. ತವಾಂಗ್ ಕಡೆಯ ರೈತರ ಬೆಳೆ ತಿನ್ನುತ್ತಿದ್ದ ಪ್ರಾಣಿ ಅದು. ರೈತರಿಗೆ ಅದು ಹೊಸದೇ ಅಲ್ಲ.

ಜಯನಗರ ಮೇಷ್ಟ್ರು · 10:48

ಸೀಲಕಾಂತ್ ಯಾರೂ ಹೇಳಲಿಲ್ಲ ಯಾಕೆ? 1938ರ ಡಿಸೆಂಬರ್, ದಕ್ಷಿಣ ಆಫ್ರಿಕಾ. ಈಸ್ಟ್ ಲಂಡನ್ ಅನ್ನುವ ಊರಿನ ವಸ್ತು ಸಂಗ್ರಹಾಲಯದ ಮಾರ್ಜರಿ ಕೋರ್ಟ್ನಿ ಲ್ಯಾಟಿಮರ್ ಬಂದರಿಗೆ ಹೋಗಿ ಮೀನಿನ ರಾಶಿಯಲ್ಲಿ ನೀಲಿ ಮೀನೊಂದನ್ನು ನೋಡಿದರು. ಆರೂವರೆ ಕೋಟಿ ವರ್ಷದ ಹಿಂದೆ ಅಳಿದಿದೆ ಅಂದುಕೊಂಡಿದ್ದ ಮೀನು. ನಾನು ಎಂಟನೇ ಕ್ಲಾಸಿಗೆ ಇದನ್ನು ಹೇಳಿದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ. ಅಷ್ಟು ಕಾಲ ಒಂದು ಮೀನು ಅಡಗಿಕೊಳ್ಳಬಹುದಾದರೆ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ಒಂದು ಪ್ರಾಣಿ ಅಡಗಿರಬಾರದೇ?

ಗೂಬೆಕಣ್ಣು · 11:02

ಮೇಷ್ಟ್ರೇ, ಎರಡು ತಿದ್ದುಪಡಿ. ಪಳೆಯುಳಿಕೆಯಲ್ಲಿ ಇದ್ದದ್ದು ಇದೇ ಜಾತಿ ಅಲ್ಲ, ಇದರ ನೆಂಟರು. ಆ ಗುಂಪು ಅಳಿದಿದೆ ಅಂದುಕೊಂಡಿದ್ದರು. ಇನ್ನೊಂದು, ಕೊಮೊರೊಸ್ ದ್ವೀಪದ ಮೀನುಗಾರರಿಗೆ ಅದು ಅಡಗಿರಲೇ ಇಲ್ಲ. ಗೋಂಬೆಸಾ ಅಂತ ಕರೆಯುತ್ತಿದ್ದರು. ಗಾಳಕ್ಕೆ ಬೀಳುತ್ತಿತ್ತು.

ಲಾಕ್ ನೆಸ್ ಕಥೆ ಬೇರೆ. ಸಮುದ್ರಕ್ಕೆ ಕೊನೆ ಇಲ್ಲ, ಆ ಸರೋವರಕ್ಕೆ ಇದೆ. 1934ರ ಪ್ರಸಿದ್ಧ ಫೋಟೋ ಆಟಿಕೆ ಸಬ್‌ಮೆರಿನ್‌ಗೆ ತಲೆ ಅಂಟಿಸಿ ತೆಗೆದದ್ದು. 2018ರಲ್ಲಿ ನ್ಯೂಜಿಲೆಂಡಿನ ನೀಲ್ ಗೆಮ್ಮೆಲ್ ತಂಡ ಸರೋವರದ ಬೇರೆ ಬೇರೆ ಆಳದ ನೀರು ತೆಗೆದು ಅದರಲ್ಲಿ ಕರಗಿದ್ದ ಡಿಎನ್‌ಎ ನೋಡಿತು. ಸರೀಸೃಪದ ಸುಳಿವೇ ಇಲ್ಲ. ಹಾವುಮೀನಿನ ಡಿಎನ್‌ಎ ಎಲ್ಲೆಲ್ಲೂ ಇತ್ತು.

ಜಯನಗರ ಮೇಷ್ಟ್ರು · 11:06

ಮೀನುಗಾರರಿಗೆ ಗೊತ್ತಿತ್ತು ಅನ್ನುವುದನ್ನು ಸೋಮವಾರ ಮಕ್ಕಳಿಗೂ ಹೇಳುತ್ತೇನೆ. ಆದರೆ ಆ ಹಾವುಮೀನು ದೊಡ್ಡದಾಗಿ ಬೆಳೆದಿದ್ದರೆ?

ಗೂಬೆಕಣ್ಣು · 11:09

ಬೆಳೆದಿರಬಹುದು ಅಂತ ಅವರೂ ಒಂದು ಮಾತು ಹೇಳಿದರು. ಡಿಎನ್‌ಎ ಗಾತ್ರ ಹೇಳಲ್ಲ, ಜಾತಿ ಮಾತ್ರ ಹೇಳುತ್ತೆ.

ಶಿರಸಿ ಹುಡುಗ ಈಗ ಬೆಂಗಳೂರು · ಶನಿವಾರ ಬೆಳಿಗ್ಗೆ 7:15

ನನ್ನ ಆಯ್ಕೆ ಮಂಗಳ ಕುತ್ರಿ. ಪುನುಗು ಬೆಕ್ಕಿನ ಜಾತಿ, ದೊಡ್ಡ ಪುನುಗು ಅಂತಲೂ ಹೇಳುತ್ತಾರೆ. ಇಂಗ್ಲಿಷಿನವರ ಮಲಬಾರ್ ಸಿವೆಟ್. ಮೈ ಮೇಲೆ ದೊಡ್ಡ ಕಪ್ಪು ಮಚ್ಚೆ, ಬೆನ್ನ ಮೇಲೆ ನೆಟ್ಟಗೆ ನಿಲ್ಲುವ ಕಪ್ಪು ಕೂದಲು. ಹೊನ್ನಾವರದಿಂದ ಕನ್ಯಾಕುಮಾರಿವರೆಗೆ ಕರಾವಳಿಯಲ್ಲಿ ಇದೆ ಅಂತ 19ನೇ ಶತಮಾನದಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜೆರ್ಡಾನ್ ಬರೆದಿದ್ದರು. ಆಮೇಲೆ ಕಾಣೆಯಾಯಿತು. ಅಳಿದೇ ಹೋಯಿತು ಅಂದುಕೊಂಡಿದ್ದಾಗ 1987ರಲ್ಲಿ ಕೇರಳದ ನಿಲಂಬೂರು ಕಡೆಯ ಎಲಯೂರಿನಲ್ಲಿ ಚರ್ಮ ಸಿಕ್ಕಿತು. ಅದಾದ ಮೇಲೆ ಖಾತ್ರಿಯಾದ ಒಂದು ಫೋಟೋ ಇಲ್ಲ, ಕ್ಯಾಮೆರಾ ಟ್ರ್ಯಾಪ್‌ಗೂ ಬೀಳಲಿಲ್ಲ.

ಇದು ಘಟ್ಟದ ಮೇಲಿನ ಕಾಡಿನ ಪ್ರಾಣಿ ಅಲ್ಲ. ತಗ್ಗಿನ ಕಾಡು, ಗೇರು ತೋಟ, ಪೊದೆ, ಹಳ್ಳದ ಬದಿ ಇದರ ಜಾಗ. ನಾವು ಕ್ಯಾಮೆರಾ ಕಟ್ಟುವುದು ಘಟ್ಟದ ಮೇಲಿನ ರಕ್ಷಿತ ಕಾಡಿನಲ್ಲಿ. ಗೇರು ತೋಟದಲ್ಲಿ ಯಾರು ಕಟ್ಟುತ್ತಾರೆ? ಜಾಗ ತಪ್ಪಾಗಿ ಹುಡುಕಿದರೆ ಸಿಗಲ್ಲ.

ಬಸವನಗುಡಿ ಅನಘಾ · 7:50

ಇದರಲ್ಲಿ ಒಂದು ತೊಡಕು ಇದೆ. ಮಂಗಳ ಕುತ್ರಿ ಅನ್ನುವ ಬೇರೆ ಜಾತಿ ನಮ್ಮಲ್ಲಿ ಹುಟ್ಟಿ ಬೆಳೆದದ್ದೇ ಹೌದಾ ಅಂತ 2010ರ ಒಂದು ಸಂಶೋಧನಾ ಬರಹ ಕೇಳಿತ್ತು. ಬರೆದವರು ಇಲ್ಲಿನವರೇ. ಹಳೇ ಸಂಗ್ರಹದ ಚರ್ಮಗಳು ಬೆರಳೆಣಿಕೆಯಷ್ಟು. ಆಗ್ನೇಯ ಏಷ್ಯಾದ ದೊಡ್ಡ ಮಚ್ಚೆಯ ಪುನುಗಿಗೂ ಇದಕ್ಕೂ ತುಂಬಾ ಹೋಲಿಕೆ. ಪುನುಗಿನ ಸುಗಂಧಕ್ಕೆ ಒಳ್ಳೆ ಬೆಲೆ ಇತ್ತು. ಮಲಬಾರ್ ಬಂದರುಗಳಿಗೆ ಹಡಗಿನಲ್ಲಿ ತಂದ ಪ್ರಾಣಿಗಳು ತಪ್ಪಿಸಿಕೊಂಡು ಇಲ್ಲಿ ಉಳಿದಿರಬಹುದು ಅನ್ನುವುದು ಅವರ ಸಂಶಯ.

ಶಿರಸಿ ಹುಡುಗ ಈಗ ಬೆಂಗಳೂರು · 8:04

ಆ ಬರಹ ಓದಿದ್ದೇನೆ. ಒಪ್ಪಲು ಕಷ್ಟ. ತಪ್ಪಿಸಿಕೊಂಡ ನಾಲ್ಕು ಪ್ರಾಣಿ ಹೊನ್ನಾವರದಿಂದ ಕನ್ಯಾಕುಮಾರಿವರೆಗೆ ಹರಡುತ್ತವಾ? ಊರು ಊರಲ್ಲಿ ಬೇರೆ ಬೇರೆ ಹೆಸರು ಇರುತ್ತಾ?

ಬಸವನಗುಡಿ ಅನಘಾ · 8:12

ಸಣ್ಣ ಮಚ್ಚೆಯ ಪುನುಗು, ಮರ ಹತ್ತುವ ಪುನುಗು ಎರಡೂ ಈಗಲೂ ನಮ್ಮಲ್ಲಿ ಇವೆ. ರಾತ್ರಿ ಬೆಳಕಿನಲ್ಲಿ ಅರೆಕ್ಷಣ ಕಂಡದ್ದನ್ನು ಯಾವುದು ಅಂತ ಹೇಗೆ ಹೇಳುತ್ತೀರಿ? ಹೆಸರುಗಳು ಎಲ್ಲದಕ್ಕೂ ಸೇರಿ ಇರಬಹುದು. ನಾನು ಇಲ್ಲ ಅನ್ನುತ್ತಿಲ್ಲ. ಹಳೇ ಚರ್ಮಗಳ ಡಿಎನ್‌ಎಯನ್ನು ಆಗ್ನೇಯ ಏಷ್ಯಾದ ಪುನುಗಿನ ಜೊತೆ ಹೋಲಿಸಿದರೆ ಈ ಜಗಳ ಮುಗಿಯುತ್ತೆ. ಅಲ್ಲಿವರೆಗೆ ನಾವು ಹುಡುಕುತ್ತಿರುವುದು ಏನು ಅಂತಲೇ ಗೊತ್ತಿಲ್ಲ.

ಬನಶಂಕರಿ ಕಿರಣ · 8:20

ಇದು ಅದ್ಭುತ. ಪ್ರಾಣಿಗೆ ಲ್ಯಾಟಿನ್ ಹೆಸರು ಇದೆ, ಪ್ರಾಣಿ ಇತ್ತಾ ಅನ್ನುವುದೇ ಪ್ರಶ್ನೆ. ಶಿರಸಿಯವರು ಹೇಳಿದ ಜಾಗದ ಮಾತು ಮುಖ್ಯ ಅನಿಸಿತು.

ಗೂಬೆಕಣ್ಣು · 8:45

ಜಾಗ ತಪ್ಪಾದರೆ ಏನಾಗುತ್ತೆ ಅನ್ನುವುದಕ್ಕೆ ನನ್ನ ಮೆಚ್ಚಿನ ಕಥೆ ಇದೆ. ಫಾರೆಸ್ಟ್ ಔಲೆಟ್ ಅನ್ನುವ ಸಣ್ಣ ಗೂಬೆ. 1884ರ ನಂತರ ಯಾರಿಗೂ ಸಿಗಲಿಲ್ಲ. 1914ರಲ್ಲಿ ಗುಜರಾತಿನಲ್ಲಿ ಸಿಕ್ಕಿತ್ತು ಅಂತ ಒಂದು ಚರ್ಮಕ್ಕೆ ಲೇಬಲ್ ಇತ್ತು. ಅದನ್ನು ನಂಬಿ ಅಲ್ಲಿ ಹುಡುಕಿದವರಿಗೆ ಏನೂ ಸಿಗಲಿಲ್ಲ. ಕೊನೆಗೆ ಅಮೆರಿಕದ ಪಕ್ಷಿ ವಿಜ್ಞಾನಿ ಪಮೇಲಾ ರಾಸ್ಮುಸ್ಸೆನ್ ಆ ಚರ್ಮ ಹೊಲಿದ ರೀತಿ, ಒಳಗೆ ತುಂಬಿದ ಹತ್ತಿ ಎಲ್ಲ ಪರೀಕ್ಷೆ ಮಾಡಿ ನೋಡಿದರು. ಮೈನರ್ಟ್ಜ್‌ಹ್ಯಾಗನ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಅದನ್ನು ಸಂಗ್ರಹಾಲಯದಿಂದ ಕದ್ದು, ಮತ್ತೆ ಹೊಲಿದು, ಸುಳ್ಳು ಲೇಬಲ್ ಅಂಟಿಸಿದ್ದ. ಆ ಲೇಬಲ್ ಬಿಟ್ಟು ನಿಜವಾದ ಹಳೇ ಜಾಗಗಳನ್ನು ಹಿಡಿದು ಹೊರಟರು. 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಹಗಲು ಹೊತ್ತಿನಲ್ಲೇ ಗೂಬೆ ಮರದ ಮೇಲೆ ಕೂತಿತ್ತು. 113 ವರ್ಷ! ಒಂದು ಸುಳ್ಳು ಲೇಬಲ್ ಎಷ್ಟು ಜನರ ಎಷ್ಟು ಶ್ರಮ ತಿಂದಿತು ನೋಡಿ.

ಹೆಬ್ಬಾಳದ ಹಕ್ಕಿ · 9:10

ಹಕ್ಕಿ ಅಂದ ಮೇಲೆ ಜೆರ್ಡಾನ್ಸ್ ಕೋರ್ಸರ್ ಬಿಡಕ್ಕಾಗಲ್ಲ. 1900ರಲ್ಲಿ ಕೊನೆಯದಾಗಿ ಕಂಡಿತ್ತು. 1986ರಲ್ಲಿ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಊರಿನ ಬೇಟೆಗಾರರೊಬ್ಬರು ಜೀವಂತ ಹಿಡಿದು ತಂದರು. ಚಿತ್ರ ತೋರಿಸಿ ಊರೂರಲ್ಲಿ ಕೇಳಿದ್ದಕ್ಕೆ ಸಿಕ್ಕಿದ್ದು ಅದು. ರಾತ್ರಿ ಓಡಾಡುವ ಹಕ್ಕಿ, ಹಗಲು ಬೈನಾಕ್ಯುಲರ್ ಹಿಡಿದು ಹೋದರೆ ಕಾಣುತ್ತಾ?

ರಾಜಾಜಿನಗರ ಲೋಕೇಶ್ · 9:31

ಎಲ್ಲ ಸರಿ, ಬೆಂಗಳೂರಲ್ಲಿ ಏನಿದೆ? ಇಲ್ಲಿ ಮರವೇ ಉಳಿದಿಲ್ಲ, ಹೊಸ ಪ್ರಾಣಿ ಎಲ್ಲಿಂದ ಬರಬೇಕು.

ಮಲ್ಲೇಶ್ವರದ ಸುಮಾ · 9:40

ಲೋಕೇಶ್, 2020ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಹೊಸ ಕಪ್ಪೆ ಸಿಕ್ಕಿತು. ಸ್ಫೀರೋಥೀಕಾ ಬೆಂಗಳೂರು. ಊರಿನ ಹೆಸರನ್ನೇ ಇಟ್ಟರು. ಮಣ್ಣು ಅಗೆದು ಒಳಗೆ ಕೂರುವ ಕಪ್ಪೆ, ಮಳೆ ಬಂದಾಗ ಹೊರಗೆ ಬರುತ್ತೆ. ಲೇಔಟ್ ಮಾಡುವುದಕ್ಕೆ ಜೆಸಿಬಿ ನಿಲ್ಲಿಸಿರುವಂಥ ಖಾಲಿ ಜಾಗದಲ್ಲಿ ವಿಜ್ಞಾನಕ್ಕೆ ಗೊತ್ತಿಲ್ಲದ ಪ್ರಾಣಿ ಇರಬಹುದು ಅಂತ ಆಯಿತು. ಇದೇ ನನಗೆ ಹೊಟ್ಟೆ ಉರಿಸುವುದು. ಗೊತ್ತಾಗುವ ಮೊದಲೇ ಎಷ್ಟರ ಮೇಲೆ ಸಿಮೆಂಟ್ ಸುರಿದಿದ್ದೇವೋ.

ಕೋಲಾರ ಜಿಲ್ಲೆಯ ಹನುಮನಹಳ್ಳಿಗೂ ಹೋಗಿ ಬನ್ನಿ. ಅಲ್ಲಿನ ಬಾವಲಿ ಜಾತಿಯೊಂದು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1994ರಲ್ಲಿ ಅದಕ್ಕೆ ಹೆಸರು ಬಂತು. ಉಳಿದಿರುವುದು ಒಂದೇ ಗುಹೆಯಲ್ಲಿ, ಇನ್ನೂರಕ್ಕೂ ಕಡಿಮೆ. ಸುತ್ತ ಕಲ್ಲು ಗಣಿಗಾರಿಕೆ ನಡೆದಿತ್ತು.

ರಾಜಾಜಿನಗರ ಲೋಕೇಶ್ · 9:43

ಕಪ್ಪೆ ವಿಷಯ ಗೊತ್ತೇ ಇರಲಿಲ್ಲ. ಪೇಪರಲ್ಲಿ ಬಂದಿತ್ತಾ?

ಮಲ್ಲೇಶ್ವರದ ಸುಮಾ · 9:44

ಬಂದಿತ್ತು. ಯಾರೂ ಓದಲಿಲ್ಲ ಅಷ್ಟೇ.

ಯಶವಂತಪುರ ಗಿರಿಜಾ · 10:02

ಕಾಡುಪಾಪದ ಬಗ್ಗೆ ಹೇಳಲೇಬೇಕು. ನಾವು ಚಿಕ್ಕವರಿದ್ದಾಗ ರಾತ್ರಿ ಮರದ ಮೇಲಿಂದ ಸೀಟಿ ಹೊಡೆದ ಹಾಗೆ ಸದ್ದು ಬರುತ್ತಿತ್ತು. ನಮ್ಮಜ್ಜಿ ಅದು ಗಾಳಿ ಅಂತ ಹೇಳಿ ಕಿಟಕಿ ಹಾಕಿಸುತ್ತಿದ್ದರು. ಕಾಲೇಜಿಗೆ ಬಂದ ಮೇಲೆ ಐಐಎಸ್‌ಸಿ ಆವರಣದಲ್ಲಿ ಕಾಡುಪಾಪ ನೋಡಲು ಕರೆದುಕೊಂಡು ಹೋದರು. ಅದೇ ಸೀಟಿ! ದೊಡ್ಡ ದುಂಡು ಕಣ್ಣು, ಸಣಕಲು ಕೈಕಾಲು, ಬಾಲ ಇಲ್ಲ. ಕೊಂಬೆಯಿಂದ ಕೊಂಬೆಗೆ ನಿಧಾನಕ್ಕೆ ಹೋಗುತ್ತಾ ಹುಳ ಹಿಡಿದು ತಿನ್ನುತ್ತಿತ್ತು. ಒಂದು ಕೋಟಿಗಿಂತ ಜಾಸ್ತಿ ಜನ ಇರುವ ಊರು ಇದು. ಇಲ್ಲಿ ಒಂದು ವಾನರ ಬಂಧು ಇದೆ ಅಂತ ನೂರರಲ್ಲಿ ಎಷ್ಟು ಜನರಿಗೆ ಗೊತ್ತು? ಮರಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಬದುಕುತ್ತೆ. ನಡುವಿನ ಒಂದು ಮರ ಕಡಿದರೆ ಕರೆಂಟ್ ತಂತಿ ಹಿಡಿಯುತ್ತೆ, ಸಾಯುತ್ತೆ.

ದಾಸರಹಳ್ಳಿ ನವೀನ್ · 10:08

ನಮ್ಮ ಏರಿಯಾದಲ್ಲೂ ಇದೆ! ಯಾವ ಪಾರ್ಕು, ಯಾವ ಗೇಟು ಅಂತ ಹಾಕಲಾ?

ಯಶವಂತಪುರ ಗಿರಿಜಾ · 10:09

ದಯವಿಟ್ಟು ಬೇಡ. ಮಾಟ ಮಂತ್ರಕ್ಕೆ ಅಂತ ಅದನ್ನು ಹಿಡಿದು ಹಿಂಸೆ ಮಾಡುವವರು ಇನ್ನೂ ಇದ್ದಾರೆ. ಅಮಾವಾಸ್ಯೆ ಬಂದರೆ ನನಗೆ ಭಯ.

ದಾಸರಹಳ್ಳಿ ನವೀನ್ · 10:12

ಹಾಗಾದರೆ ಐಐಎಸ್‌ಸಿ ಹೆಸರು ನೀವೇ ಹಾಕಿದಿರಲ್ಲ ಅಕ್ಕ.

ಯಶವಂತಪುರ ಗಿರಿಜಾ · 10:15

ಅಲ್ಲಿ ಗೇಟು ಇದೆ, ಕಾವಲು ಇದೆ, ಅಲ್ಲಿ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಿಮ್ಮ ಪಾರ್ಕಿಗೆ ಯಾವ ಕಾವಲು ಇದೆ ಹೇಳಿ.

ಮಾಡರೇಟರ್ · 10:20

ಕಾಡುಪಾಪ, ಚಿಪ್ಪುಹಂದಿ, ಎರಡು ತಲೆ ಹಾವು ಅಂತ ಕರೆಯುವ ಮಣ್ಣುಮುಕ್ಕ, ಇವುಗಳ ನಿಖರ ಜಾಗ ಹಾಕಿದರೆ ಅಳಿಸುತ್ತೇವೆ.

ಕೆಂಗೇರಿ ಮಂಜು · 10:34

ತುರಹಳ್ಳಿ ಕಡೆ ಚಿರತೆ ಇದೆ ಅಂದರೆ ಹೊರಗಿನಿಂದ ಬಂದ ನಮ್ಮ ಆಫೀಸಿನವರು ನಂಬುವುದೇ ಇಲ್ಲ. ಅವರಿಗೆ ನಮ್ಮ ಚಿರತೆಯೇ ಯೇತಿ.

ರಾಜಾಜಿನಗರ ಲೋಕೇಶ್ · 10:36

ಎಂಬತ್ತು ತೊಂಬತ್ತರ ದಶಕದವರಿಗೆ "ನಾಳೆ ಬಾ" ನೆನಪಿದೆಯಾ? ನಮ್ಮ ಬೀದಿಯ ಎಲ್ಲ ಬಾಗಿಲ ಮೇಲೂ ಬರೆದಿತ್ತು.

ಬನಶಂಕರಿ ಕಿರಣ · 10:38

ಲೋಕೇಶ್, ದೆವ್ವ ಬೇಡ ಅಂತ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಬಸವನಗುಡಿ ಅನಘಾ · 11:15

ಪೊಗೆಯನ್‌ಗೆ ವಾಪಸ್ ಬರೋಣ. ಒಡಿಶಾದ ಸಿಮ್ಲಿಪಾಲ್‌ನಲ್ಲಿ ಕಪ್ಪು ಹುಲಿ ಇದೆ ಅಂತ ಹಿಂದಿನಿಂದ ಮಾತಿತ್ತು. ಕಪ್ಪು ಹುಲಿ ಎಲ್ಲಿ ಬಂತು, ಕರಿಚಿರತೆ ನೋಡಿರಬೇಕು ಅನ್ನುತ್ತಿದ್ದರು. ಆಮೇಲೆ ಕ್ಯಾಮೆರಾಗೆ ಬಿತ್ತು. 2021ರಲ್ಲಿ ನಮ್ಮ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದ ಒಳಗಿರುವ ಎನ್‌ಸಿಬಿಎಸ್ ಜೀವವಿಜ್ಞಾನ ಸಂಸ್ಥೆಯ ಉಮಾ ರಾಮಕೃಷ್ಣನ್ ತಂಡ ಕಾರಣವನ್ನೇ ಹಿಡಿಯಿತು. ಟಾಕ್‌ಪೆಪ್ ಅನ್ನುವ ಒಂದು ಜೀನ್‌ನಲ್ಲಿ ಒಂದೇ ಬದಲಾವಣೆ. ತಂದೆ ತಾಯಿ ಇಬ್ಬರಿಂದಲೂ ಅದು ಬಂದರೆ ಪಟ್ಟೆ ದಪ್ಪವಾಗಿ ಒಂದಕ್ಕೊಂದು ಸೇರಿ ಮೈ ಕಪ್ಪಾಗುತ್ತೆ. ಅಲ್ಲಿನ ಹುಲಿಗಳು ಬೇರೆ ಕಾಡಿನಿಂದ ತುಂಡಾಗಿ, ಕಡಿಮೆ ಸಂಖ್ಯೆಯಲ್ಲಿ ಉಳಿದಿವೆ. ಅದಕ್ಕೇ ಈ ಗುಣ ಅಲ್ಲಿ ಜಾಸ್ತಿಯಾಯಿತು.

ನನ್ನ ವಾದ ಇಷ್ಟೇ. ಜನ ನೋಡಿದ್ದು ಸುಳ್ಳಲ್ಲ. ಆದರೆ ಅದು ಹೊಸ ಜಾತಿಯೂ ಅಲ್ಲ. ಪೊಗೆಯನ್ ಕೂಡ ಮಚ್ಚೆ ಮಾಸಿದ ಚಿರತೆ ಆಗಿರಬಹುದು.

ಬನಶಂಕರಿ ಕಿರಣ · 11:22

ಹೊಸ ಜಾತಿಯೇ ಆಗಬೇಕು ಅಂತ ನನಗೇನಿಲ್ಲ. ಬೂದು ಚಿರತೆ ಸಿಕ್ಕರೂ ಅದು ದೊಡ್ಡ ಸುದ್ದಿ ಅಲ್ವಾ? ಅಲ್ಲಿನವರ ಮಾತು ಗೆದ್ದ ಹಾಗೆ.

ಗೂಬೆಕಣ್ಣು · 11:30

ಪ್ರಾಣಿ ಕಾಣಬೇಕು ಅಂತಲೂ ಇಲ್ಲ. ಲದ್ದಿ ಸಾಕು. ಒಣಗಿದ ಲದ್ದಿಯ ಮೇಲ್ಪದರದಲ್ಲಿ ಕರುಳಿನ ಜೀವಕೋಶ ಇರುತ್ತೆ, ಡಿಎನ್‌ಎ ಬರುತ್ತೆ. ಆ ಬೆಟ್ಟದ ಬೆಕ್ಕುಗಳ ಲದ್ದಿ ಎಲ್ಲ ಸಂಗ್ರಹಿಸಿ ನೋಡಿದರೆ ಹುಲಿ, ಚಿರತೆ, ಕಾಡುಬೆಕ್ಕು ಬಿಟ್ಟು ಬೇರೆ ಏನಾದರೂ ಇದೆಯಾ ಅಂತ ಗೊತ್ತಾಗುತ್ತೆ.

ಶಿರಸಿ ಹುಡುಗ ಈಗ ಬೆಂಗಳೂರು · 11:41

ದೂರ ಯಾಕೆ, ತರಕರಡಿ ನೋಡಿ. ಇಂಗ್ಲಿಷಿನವರ ಹನಿ ಬ್ಯಾಡ್ಜರ್. ನಮ್ಮ ರಾಜ್ಯದಲ್ಲಿ ಇದೆ ಅಂತ ಎಷ್ಟೋ ಅರಣ್ಯ ಸಿಬ್ಬಂದಿಗೂ ಗೊತ್ತಿರಲಿಲ್ಲ. 2014ರ ಸುಮಾರಿಗೆ ಕಾವೇರಿ ವನ್ಯಧಾಮದಲ್ಲಿ ಕ್ಯಾಮೆರಾಗೆ ಬಿತ್ತು. ಕನಕಪುರ ದಾಟಿದರೆ ಆಯಿತು, ಅದೇ ಕಾಡು. ನಮ್ಮ ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆಗೆ ಹೆಸರು ಬಂದದ್ದೂ 2014ರಲ್ಲೇ. ಗಂಡು ಕಪ್ಪೆ ಮುಂಗಾಲಲ್ಲಿ ಕೆಸರು ತೆಗೆದು ಮೊಟ್ಟೆಗೆ ಮೆತ್ತುತ್ತೆ. ಇಂಥ ಕೆಲಸ ಮಾಡುವ ಕಪ್ಪೆ ನಮ್ಮ ತೊರೆಯಲ್ಲೇ ಇತ್ತು. ತೋಟಕ್ಕೆ ಹೋಗುವ ದಾರಿಯಲ್ಲಿ ಹಾರುವ ಓತಿ ನೋಡಿ ಬೆಳೆದವನು ನಾನು. ಬೆಂಗಳೂರಿನ ಗೆಳೆಯರಿಗೆ ಓತಿ ಹಾರುತ್ತೆ ಅಂದರೆ ನಂಬಲ್ಲ.

ಕರಾವಳಿ ಕಣ್ಣು · 12:20

ಕಾಡಿನ ಮಾತು ಸಾಕಾಯಿತು, ನೀರಿಗೆ ಬನ್ನಿ. ನಿಜವಾಗಿ ಸಿಗದೇ ಇರುವ ಪ್ರಾಣಿಗಳು ನೀರಲ್ಲಿವೆ ಅಂತ ನನಗೆ ಅನುಮಾನವೇ ಇಲ್ಲ. ಮೆಗಾಮೌತ್ ಶಾರ್ಕ್ ನಾಲ್ಕೂವರೆ ಮೀಟರ್ ಉದ್ದ. 1976ರಲ್ಲಿ ಹವಾಯಿ ಹತ್ತಿರ ಅಮೆರಿಕ ನೌಕಾಪಡೆಯ ಹಡಗಿನ ಲಂಗರಿಗೆ ಸಿಕ್ಕಿಕೊಳ್ಳುವ ತನಕ ಯಾರಿಗೂ ಗೊತ್ತಿರಲಿಲ್ಲ. ದೈತ್ಯ ಸ್ಕ್ವಿಡ್ ಜೀವಂತ ಇರುವ ಫೋಟೋ ಸಮುದ್ರದಲ್ಲಿ ಮೊದಲು ತೆಗೆದದ್ದು 2004ರಲ್ಲಿ. 2024ರ ಜುಲೈನಲ್ಲಿ ನ್ಯೂಜಿಲೆಂಡಿನ ದಡಕ್ಕೆ ಸ್ಪೇಡ್ ಟೂತ್ಡ್ ತಿಮಿಂಗಿಲ ಬಂದು ಬಿತ್ತು. ಪ್ರಪಂಚದಲ್ಲಿ ಅದುವರೆಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಅದು ತಿಮಿಂಗಿಲ ಮಾರಾಯ್ರೆ, ಕಪ್ಪೆ ಅಲ್ಲ!

ಮಲ್ಪೆ ಬಂದರಲ್ಲಿ ದೋಣಿ ಖಾಲಿ ಮಾಡುವಾಗ ನಿಂತು ನೋಡಿ. ಮಾರಾಟಕ್ಕೆ ಬಾರದ ಮೀನೆಲ್ಲ ಒಟ್ಟು ರಾಶಿ, ನೇರ ಮೀನಿನ ಪುಡಿ ಕಾರ್ಖಾನೆಗೆ. ಆ ರಾಶಿಯಲ್ಲಿ ಹೆಸರಿಲ್ಲದ್ದು ಎಷ್ಟು ಹೋಗಿದೆಯೋ. ಇಂಡೋನೇಷ್ಯಾದ ಸೀಲಕಾಂತ್ 1997ರಲ್ಲಿ ಮೀನು ಮಾರ್ಕೆಟ್ಟಲ್ಲೇ ಕಣ್ಣಿಗೆ ಬಿತ್ತು.

ಇನ್ನೂ ಹತ್ತಿರದ್ದು ಬೇಕಾದರೆ ಬಾವಿ. 2018ರ ಪ್ರವಾಹದ ಹೊತ್ತಿನಲ್ಲಿ ಕೇರಳದ ಒಂದು ಗದ್ದೆಯಲ್ಲಿ ಕೆಂಪು ಕಂದು ಬಣ್ಣದ ವಿಚಿತ್ರ ಮೀನು ಬಂತು. ಯಾರೋ ಫೋಟೋ ತೆಗೆದು ಹಾಕಿದರು. ಅದೇ ಗೊಲಮ್ ಸ್ನೇಕ್‌ಹೆಡ್. ನೆಲದಡಿಯ ನೀರಿನಲ್ಲಿ ಬದುಕುವ ಮೀನು. 2019ರಲ್ಲಿ ಹೊಸ ಜಾತಿ ಅಂತ ಹೆಸರಿಟ್ಟರು, ಮರುವರ್ಷ ಅದಕ್ಕೆ ಹೊಸ ಕುಟುಂಬವನ್ನೇ ಕೊಟ್ಟರು. ಹೊಸ ಕುಟುಂಬ ಅಂದರೆ ಸಣ್ಣ ಮಾತಲ್ಲ. ಅಲ್ಲಿನ ಬಾವಿಗಳಲ್ಲಿ ಕುರುಡು ಮೀನುಗಳೂ ಇವೆ, ಹಾವಿನ ಹಾಗಿರುವ ಪುಟ್ಟ ಮೀನುಗಳೂ ಇವೆ. ಬಾವಿ ನೀರು ಬಳಸುವ ಜನ ಹೇಳಿದ್ದರಿಂದಲೇ ಎಷ್ಟೋ ಗೊತ್ತಾಯಿತು.

ಆ ನೀರು ನಿಂತಿರುವುದು ಮುರಕಲ್ಲಿನ, ಅಂದರೆ ಕರಾವಳಿಯ ಕೆಂಪು ಕಲ್ಲಿನ ಒಳಗೆ. ಅದೇ ಮುರಕಲ್ಲು ಕಾಸರಗೋಡು ದಾಟಿ ದಕ್ಷಿಣ ಕನ್ನಡ, ಉಡುಪಿವರೆಗೂ ಇದೆ. ಗಡಿ ನಮ್ಮದು, ಮೀನಿಗೆ ಇಲ್ಲ. ಹಾಗಾಗಿ ಕಿರಣ್ ಅವರೇ, ನನ್ನ ಉತ್ತರ: ನಮ್ಮ ಕರಾವಳಿಯ ಬಾವಿಯಲ್ಲಿ ಇನ್ನೂ ಹೆಸರಿಲ್ಲದ ಮೀನು ಇದೆ. ತಿನ್ನುವುದು ಸಣ್ಣ ಹುಳ. ಸಿಗದೇ ಇರುವುದು ನಾವು ಕೊಡಪಾನದಲ್ಲಿ ಬಂದದ್ದನ್ನು ಹುಳ ಅಂತ ಚೆಲ್ಲುವುದರಿಂದ.

ಬನಶಂಕರಿ ಕಿರಣ · 12:31

ಇಡೀ ಚರ್ಚೆಯಲ್ಲಿ ನನ್ನ ಪ್ರಶ್ನೆಗೆ ನೇರ ಉತ್ತರ ಇದು. ಬೆಂಗಳೂರಿನ ಬಾವಿ, ಬೋರ್‌ವೆಲ್‌ನಲ್ಲಿ?

ಪೀಣ್ಯ ಭೂಗರ್ಭ · 12:50

ಮೀನು ಕಷ್ಟ. ನಮ್ಮ ಕೆಳಗಿರುವುದು ಲಾಲ್‌ಬಾಗ್ ಬಂಡೆಯಂಥ ಗಟ್ಟಿ ಕಲ್ಲು. ಮುರಕಲ್ಲಿನ ಒಳಗೆ ತೂತು, ಪೊಳ್ಳು ತುಂಬ ಇರುತ್ತೆ, ನೀರಿನ ಜೊತೆ ಪ್ರಾಣಿಯೂ ಓಡಾಡಬಹುದು. ಗಟ್ಟಿ ಕಲ್ಲಿನಲ್ಲಿ ನೀರು ಇರುವುದು ಸಣ್ಣ ಬಿರುಕಲ್ಲಿ, ಮತ್ತೆ ಮೇಲಿನ ಸವೆದ ಮಣ್ಣಿನ ಪದರದಲ್ಲಿ. ಸೀಗಡಿ ಜಾತಿಯ, ಕಣ್ಣಿಗೆ ಕಂಡೂ ಕಾಣದಂಥ ಜೀವಿಗಳು ಇದ್ದರೂ ಇರಬಹುದು. ಬೋರ್‌ವೆಲ್ ಸಾವಿರ ಅಡಿ ಕೊರೆದು ಒಣಗಿಸಿದ ಜಾಗದಲ್ಲಿ ಅದೂ ಸಂಶಯ.

ಕೆಂಗೇರಿ ಮಂಜು · 1:05

ಇಲ್ಲಿ ಕೇಳಬೇಕಾದವರು ಮಣ್ಣು ವಡ್ಡರು. ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳು ತೆಗೆದು ನೀರು ಬರಿಸಿದವರು ಅವರೇ. ತಲೆಮಾರುಗಳಿಂದ ಬಾವಿಗೆ ಇಳಿದವರು. ಒಳಗೆ ಏನೇನು ಇರುತ್ತೆ ಅಂತ ಅವರನ್ನು ಯಾರಾದರೂ ಕೂರಿಸಿ ಕೇಳಿದ್ದಾರಾ?

ಮಲ್ಲೇಶ್ವರದ ಸುಮಾ · 1:11

ಮಂಜು ಅವರ ಮಾತಿಗೆ ನೂರು ಸಲ ಹೌದು. ವೂ ಕ್ವಾಂಗ್‌ನ ಬೇಟೆಗಾರ, ಕಡಪದ ಬೇಟೆಗಾರ, ಕೊಮೊರೊಸ್‌ನ ಮೀನುಗಾರ. ಇಡುಕ್ಕಿಯ ನೇರಳೆ ಕಪ್ಪೆಯೂ ಹಾಗೇ. 2003ರಲ್ಲಿ ಬಿಜು ಮತ್ತು ಬೋಸುಯ್ ಹೆಸರಿಟ್ಟರು, ಅಲ್ಲಿನ ಜನ ಅದರ ಗೊದಮೊಟ್ಟೆ ಹಿಡಿದು ತಿನ್ನುತ್ತಿದ್ದರು. ಕೇಳಿದವರಿಗೆ ಸಿಕ್ಕಿದೆ.

ವಿಜಯನಗರ ಪ್ರವೀಣ್ · 1:20

ಹಾಗಾದರೆ ಶೆರ್ಪಾಗಳು ಯೇತಿ ಇದೆ ಅನ್ನುತ್ತಾರಲ್ಲ, ಅದನ್ನೂ ನಂಬಬೇಕು ತಾನೇ?

ಬಸವನಗುಡಿ ಅನಘಾ · 1:26

ಒಳ್ಳೇ ಪ್ರಶ್ನೆ. ನಂಬುವುದಲ್ಲ, ಕೇಳಿ ಹೋಗಿ ನೋಡುವುದು. ಯೇತಿಯದ್ದು ಅಂತ ಕಾಪಾಡಿದ ಮಾದರಿ ನೋಡಿದ್ದಕ್ಕೇ ಹಿಮಾಲಯದ ಕಂದು ಕರಡಿ ಬೇರೆ ಕಂದು ಕರಡಿಗಳಿಂದ ತುಂಬಾ ಹಿಂದೆಯೇ ಕವಲೊಡೆದಿದೆ ಅಂತ ತಿಳಿಯಿತು. ಯೇತಿಯ ಮಾತಿನಿಂದ ಕರಡಿಯ ಇತಿಹಾಸ ಸಿಕ್ಕಿತು.

ವಿಜಯನಗರ ಪ್ರವೀಣ್ · 1:29

ಆ ಕರಡಿ ವಿಷಯ ಚೆನ್ನಾಗಿದೆ. ಆದರೂ ನಾನು ಯೇತಿ ಬಿಡಲ್ಲ.

ಉಡುಪಿ ರಾಘು, ಹೆಚ್‌ಎಸ್‌ಆರ್ ಲೇಔಟ್ · 2:40

ಕರಾವಳಿ ಕಣ್ಣು ಅವರಿಗೆ. ನಮ್ಮ ಊರ ಮನೆಯ ಬಾವಿಯೂ ಮುರಕಲ್ಲಿನದ್ದೇ. ಏಪ್ರಿಲ್ ಕೊನೆಗೆ ನೀರು ಇಳಿದಾಗ ಕೆಸರು ತೆಗೆಸುತ್ತೇವೆ. ಕೆಂಪಗೆ ದಾರದ ಹಾಗಿನದ್ದು ಕಂಡಿದೆ ಅಂತ ಅಪ್ಪ ಹೇಳುತ್ತಾರೆ, ಎರೆಹುಳ ಅಂದುಕೊಂಡಿದ್ದರಂತೆ. ಈ ಸಲ ನಾನೂ ಊರಲ್ಲಿರುತ್ತೇನೆ. ಏನು ಮಾಡಬೇಕು ಹೇಳಿ.

ಕರಾವಳಿ ಕಣ್ಣು · 2:55

ಪಂಪಿನ ನೀರು ಬೀಳುವ ಕಡೆ ಸೊಳ್ಳೆ ಪರದೆ ಬಟ್ಟೆ ಎರಡು ಮಡಿಕೆ ಕಟ್ಟಿ. ಬಂದ ಕೆಸರನ್ನು ಬಿಳಿ ಪ್ಲಾಸ್ಟಿಕ್ ಟ್ರೇಯಲ್ಲಿ ಬಾವಿ ನೀರು ಹಾಕಿ ಹರಡಿ, ಹತ್ತು ನಿಮಿಷ ಬಿಡಿ. ಮೀನಾದರೆ ಕಿವಿರಿನ ಹತ್ತಿರ ಮಿಡಿಯುವುದು ಕಾಣುತ್ತೆ, ಎರೆಹುಳಕ್ಕೆ ಅದಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೇಲಿಂದ, ಬದಿಯಿಂದ ಫೋಟೋ ತೆಗೆಯಿರಿ. ಬ್ಲೀಚಿಂಗ್ ಪೌಡರ್ ಮಾತ್ರ ಇದೆಲ್ಲ ಮುಗಿಯುವ ತನಕ ಹಾಕಬೇಡಿ.

ಗೂಬೆಕಣ್ಣು · 3:01

ಸತ್ತದ್ದು ಸಿಕ್ಕರೆ ಫಾರ್ಮಾಲಿನ್‌ನಲ್ಲಿ ಇಡಬೇಡಿ, ಡಿಎನ್‌ಎ ಹಾಳಾಗುತ್ತೆ. ಶುದ್ಧ ಆಲ್ಕೋಹಾಲ್‌ನಲ್ಲಿ ಇಟ್ಟು ದಿನಾಂಕ, ಊರು, ಬಾವಿಯ ಆಳ ಬರೆದ ಚೀಟಿ ಒಳಗೇ ಹಾಕಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಇಂಕು ಕರಗುತ್ತೆ. ಜೀವಂತ ಇದ್ದರೆ ಫೋಟೋ ತೆಗೆದು ವಾಪಸ್ ಬಿಡಿ. ಬೇಕಾದರೆ ಮೀನು ತಜ್ಞರೇ ಬಂದು ತೆಗೆದುಕೊಳ್ಳಲಿ.

ಉಡುಪಿ ರಾಘು, ಹೆಚ್‌ಎಸ್‌ಆರ್ ಲೇಔಟ್ · 3:08

ಸರಿ ಸರ್. ಪಕ್ಕದ ಮನೆಯವರ ಬಾವಿಗೂ ಪರದೆ ಕಟ್ಟಲು ಹೇಳಿದ್ದೇನೆ. ಫೋಟೋ ಇಲ್ಲೇ ಹಾಕುತ್ತೇನೆ.